ಗೋದಾಮಿನ ಬಾಗಿಲು ತೆಗೆದದ್ದು ಯಾರು? ಧಾರಾವಾಹಿ ಕಥೆಯ ತೂತು: ಬೇಕಂತಲೇ ಬಿಡ್ತಾರಾ, ಮರೆತು ಬಿಡ್ತಾರಾ?

ಮೂರ್ನಾಡಿನ ಮಳೆ
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಒಂದು ಮನೆ ಜಗಳವನ್ನು ಇಲ್ಲಿಗೆ ತಂದಿದ್ದೇನೆ. ತೀರ್ಪು ಬೇಕು.

ನಮ್ಮ ಮನೆ ಕೊಡಗಿನ ಮೂರ್ನಾಡಿನಿಂದ ಸ್ವಲ್ಪ ಒಳಗೆ. ಜುಲೈ ಮಳೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಕರೆಂಟ್ ಇದ್ದರೆ ಡಿಶ್ ಸಿಗ್ನಲ್ ಇರಲ್ಲ, ಸಿಗ್ನಲ್ ಇದ್ದರೆ ಕರೆಂಟ್ ಇರಲ್ಲ. ಎರಡೂ ಇರುವ ದಿನ ಅವ್ವ ಅಡುಗೆ ಬೇಗ ಮುಗಿಸಿ, ಶಾಲು ಹೊದ್ದು ಟಿವಿ ಮುಂದೆ ಕೂರುತ್ತಾಳೆ.

ಮೊನ್ನೆ ಸೋಮವಾರ. ಧಾರಾವಾಹಿಯ ನಾಯಕಿಯನ್ನು ಅತ್ತಿಗೆ ಒಂದು ಹಳೇ ಗೋದಾಮಿನಲ್ಲಿ ಕೂಡಿ ಹಾಕಿದಳು. ಹೊರಗಿನಿಂದ ಬೀಗ. ಕಿಟಕಿಗೆ ಕಬ್ಬಿಣದ ಸರಳು. ಕೈಯಲ್ಲಿ ಫೋನ್ ಇಲ್ಲ. ಅಷ್ಟರಲ್ಲಿ ನಮ್ಮ ಸಿಗ್ನಲ್ ಹೋಯಿತು. ಐದಾರು ನಿಮಿಷ ಬಿಟ್ಟು ಬಂದಾಗ ಅದೇ ನಾಯಕಿ ಮದುವೆ ಮಂಟಪದಲ್ಲಿ ಕೆಂಪು ರೇಷ್ಮೆ ಸೀರೆ ಉಟ್ಟು, ತಲೆ ತುಂಬಾ ಮಲ್ಲಿಗೆ ಮುಡಿದು ನಿಂತಿದ್ದಾಳೆ!

ಮಧ್ಯೆ ಏನಾಯಿತು? ಅವ್ವ ಹೇಳಿದಳು, "ಆ ವಾಚ್‌ಮನ್ ಹೆಂಡತಿ ಬಾಗಿಲು ತೆಗೆದಿರ್ತಾಳೆ. ಹೋದ ವಾರ ಅವಳಿಗೆ ಇವಳು ಔಷಧಿಗೆ ದುಡ್ಡು ಕೊಟ್ಟಿದ್ಲಲ್ಲ." ನಾನು ಹೇಳಿದೆ, ಇಲ್ಲ, ನಾಯಕ ಬಂದು ಬೀಗ ಒಡೆದಿರ್ತಾನೆ. ಎರಡು ದಿನ ಇದೇ ಮಾತು. ಅಕ್ಕಿರೊಟ್ಟಿ ತಟ್ಟುವಾಗಲೂ ಇದೇ ಮಾತು. ಕೊನೆಗೆ ಇವತ್ತು ಮಡಿಕೇರಿಗೆ ಹೋದವನು ನೆಟ್‌ವರ್ಕ್ ಸಿಕ್ಕ ಕಡೆ ಗಾಡಿ ನಿಲ್ಲಿಸಿ, ಫೋನಲ್ಲಿ ಆ ಸಂಚಿಕೆ ಹಾಕಿ ನೋಡಿದೆ.

ದೃಶ್ಯವೇ ಇಲ್ಲ ಮಾರಾಯ್ರೇ. ಗೋದಾಮಿನಲ್ಲಿ ಅಳುತ್ತಾಳೆ, ಜಾಹೀರಾತು ಬರುತ್ತೆ, ಮಂಟಪದಲ್ಲಿ ನಿಂತಿರ್ತಾಳೆ. ತೂತು ನಮ್ಮ ಸಿಗ್ನಲ್‌ದಲ್ಲ, ಕಥೆಯದ್ದೇ.

ಮನೆಗೆ ಬಂದು ಹೇಳಿದೆ. ಅವ್ವ ಏನಂದಳು ಗೊತ್ತಾ? "ಹಾಗಾದ್ರೆ ನಾನು ಹೇಳಿದ್ದೇ ಸರಿ."

ಈಗ ನನ್ನ ಪ್ರಶ್ನೆ. ಇಂಥದ್ದನ್ನು ಬರೆಯೋರು ಬೇಕಂತಲೇ ಬಿಡ್ತಾರಾ, ನೋಡೋರು ತುಂಬಿಕೊಳ್ಳಲಿ ಅಂತ? ಅಥವಾ ಸುಮ್ನೆ ಮರೆತು ಬಿಡ್ತಾರಾ?


ಕುಶಾಲನಗರ ಪಿಜಿ
ಶನಿವಾರ, ರಾತ್ರಿ 9:52

ಮರೆತು ಬಿಡ್ತಾರೆ. ಚರ್ಚೆ ಮುಗಿಯಿತು. 😄

ಕೋಟಿಗಟ್ಟಲೆ ಸುರಿದು ತೆಗೆದ ಇಂಗ್ಲಿಷ್ ಧಾರಾವಾಹಿ ಗೇಮ್ ಆಫ್ ಥ್ರೋನ್ಸ್‌ನಲ್ಲೇ 2019ರಲ್ಲಿ ರಾಜರ ಊಟದ ಮೇಜಿನ ಮೇಲೆ ಇವತ್ತಿನ ಕಾಲದ ಕಾಫಿ ಕಪ್ ಉಳಿದುಬಿಟ್ಟಿತ್ತು. ಆಮೇಲೆ ಅಳಿಸಿದರು. ಅವರಿಗೇ ಹಾಗಾದ್ರೆ ನಮ್ಮವರದ್ದೇನು ಲೆಕ್ಕ.


ಕಪ್ಪುಕೋಟು
ಶನಿವಾರ, ರಾತ್ರಿ 10:05

ಕಾಫಿ ಕಪ್ ಉಳಿದದ್ದು ತೂತಲ್ಲ ತಮ್ಮಾ, ಅದು ಟೇಬಲ್ ಒರೆಸದೇ ಇದ್ದದ್ದು. ಕಥೆಗೆ ಅದರಿಂದ ಏನೂ ಆಗಲಿಲ್ಲ. ಬೀಗ ಹಾಕಿದ ಬಾಗಿಲಿನಿಂದ ಹೆಂಗಸು ಹೊರಗೆ ಬಂದಿದ್ದು ಬೇರೆ ವಿಷಯ.

ನನ್ನ ಕಷ್ಟ ಕೇಳಿ. ಮಡಿಕೇರಿ ಕೋರ್ಟಿನಲ್ಲಿ ದಿನವಿಡೀ ನಿಂತು ಮನೆಗೆ ಬಂದರೆ ಟಿವಿಯಲ್ಲೂ ಕೋರ್ಟು. ಅಲ್ಲಿ ಗಂಡ ಕಾಣೆಯಾಗಿ ಆರು ತಿಂಗಳಿಗೆ ಸತ್ತ ಅಂತ ತೀರ್ಮಾನ, ಆಸ್ತಿ ಹಂಚಿಕೆ, ಹೆಂಡತಿಗೆ ಇನ್ನೊಂದು ಮದುವೆ. ಕಾನೂನಿನಲ್ಲಿ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಮಾತ್ರ ಸತ್ತಿರಬಹುದು ಅಂತ ಭಾವಿಸೋದು. ಹಳೇ ಸಾಕ್ಷ್ಯ ಕಾಯ್ದೆಯ 108ನೇ ಕಲಂ. ಕಾಯ್ದೆ ಬದಲಾದ ಮೇಲೂ ಏಳು ವರ್ಷ ಬದಲಾಗಿಲ್ಲ. ವಿಚ್ಛೇದನವಂತೂ ಬಿಡಿ. ಇಬ್ಬರೂ ಒಪ್ಪಿ ಹೋದರೂ ಮೊದಲು ಒಂದು ವರ್ಷ ಬೇರೆ ಇರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಬೇಕಿದ್ದರೆ ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು, ನಿಜ. ಧಾರಾವಾಹಿಯಲ್ಲಿ ಬೆಳಿಗ್ಗೆ ನೋಟಿಸ್, ಸಾಯಂಕಾಲ ಸಹಿ. ನನ್ನ ಕಕ್ಷಿದಾರರು ಬಂದು "ಟಿವಿಯಲ್ಲಿ ಒಂದೇ ದಿನಕ್ಕೆ ಆಯ್ತಲ್ಲ ಸಾರ್" ಅಂತಾರೆ. ಏನು ಹೇಳಲಿ?

ಇದನ್ನೂ ಹೇಳಬೇಕು. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ಕೋರ್ಟ್ ದೃಶ್ಯ ಬಂದರೆ ನಮ್ಮ ಮನೆಯಲ್ಲಿ ಊಟದ ತಟ್ಟೆ ಹಿಡಿದೇ ಕೂರುತ್ತಿದ್ದೆವು. ಅಲ್ಲಿ ವಾದಕ್ಕೆ ತಲೆ ಬಾಲ ಇರುತ್ತಿತ್ತು. ಅಂದರೆ ಬರೆಯಲು ಬರುತ್ತೆ. ಬರೆಯೋರಿಗೆ ಬೇಕು ಅನ್ನಿಸಬೇಕು ಅಷ್ಟೇ.


ಸಿದ್ದಾಪುರ ರೊಬಸ್ಟಾ
ಶನಿವಾರ, ರಾತ್ರಿ 10:31

ಲಾಯರ್ ಸಾಹೇಬರೇ, ನಿಮ್ಮದು ಕಾನೂನು. ನಮ್ಮದು ತೋಟ. ನಮ್ಮ ಗೋಳು ಇನ್ನೂ ಜಾಸ್ತಿ.

ಹೀರೋ "ಕೊಡಗಿನ ಎಸ್ಟೇಟ್ ಓನರ್" ಅಂತ ಒಂದು ಕಥೆ ಬಂತು. ಹೊರಗೆ ಜಡಿಮಳೆ, ಎಲ್ಲರ ಕೈಯಲ್ಲೂ ಕೊಡೆ, ಜುಲೈ ಅಂತ ಬಾಯಲ್ಲೇ ಹೇಳ್ತಾರೆ. ಆ ಜುಲೈನಲ್ಲಿ ಮನೆ ಮುಂದಿನ ಕಣದಲ್ಲಿ ಕಾಫಿ ಒಣಗಲು ಹಾಕಿದೆ. ವಿಲನ್ ರಾತ್ರಿ ಬಂದು ಆ ಕಾಫಿಗೆ ಬೆಂಕಿ ಇಡ್ತಾನೆ. ಸಾಲ ತೀರಿಸಲು ಆಗದೆ ಹೀರೋ ಶ್ರೀಮಂತರ ಮಗಳನ್ನು ಮದುವೆಯಾಗ್ತಾನೆ. ಇಡೀ ಕಥೆ ನಿಂತಿರೋದು ಆ ಬೆಂಕಿ ಮೇಲೆ.

ಜುಲೈನಲ್ಲಿ ಕಾಯಿ ಇನ್ನೂ ಹಸಿರು. ಅರೇಬಿಕಾ ಕೊಯ್ಲು ಶುರುವಾಗೋದು ನವೆಂಬರಿಗೆ, ನಮ್ಮ ರೊಬಸ್ಟಾ ಇನ್ನೂ ತಡ. ಜುಲೈ ಮಳೆಯಲ್ಲಿ ಕಣದಲ್ಲಿ ಇರೋದು ಪಾಚಿ ಮಾತ್ರ. ಬಟ್ಟೆ ಒಣಗಿಸಲು ಆಗದೆ ಒಲೆ ಮೇಲೆ ಹಗ್ಗ ಕಟ್ಟುವ ಕಾಲದಲ್ಲಿ ಆ ವಿಲನ್ ಬೆಂಕಿ ಹಚ್ಚಿದ್ದಾದರೂ ಹೇಗೆ? ಅವನಿಗೆ ನಮ್ಮ ತೋಟದಲ್ಲಿ ಕೆಲಸ ಕೊಡ್ತೀನಿ. ಒದ್ದೆ ಸೌದೆ ಹೊತ್ತಿಸಲು ಜನ ಸಿಗ್ತಿಲ್ಲ.

ಮದುವೆಯ ಕಥೆ ಇನ್ನೊಂದು. ಕೊಡವ ಕುಟುಂಬ ಅಂತ ತೋರಿಸಿದರು. ಕುಪ್ಯ (ಉದ್ದ ಕೋಟು), ಚೇಲೆ (ಸೊಂಟಪಟ್ಟಿ), ಪೀಚೆಕತ್ತಿ ಎಲ್ಲಾ ಸರಿ. ಆಮೇಲೆ ಪುರೋಹಿತರು ಬಂದು ಹೋಮ ಹಾಕಿ, ಹುಡುಗನ ಕೈಯಲ್ಲಿ ತಾಳಿ ಕಟ್ಟಿಸಿದರು. ನಮ್ಮಲ್ಲಿ ಪತ್ತಾಕ್, ಅಂದರೆ ನಮ್ಮ ತಾಳಿ, ಕಟ್ಟೋದು ಹುಡುಗಿಯ ತಾಯಿ. ಇಲ್ಲೂ ಕಥೆ ಅದರ ಮೇಲೇ ನಿಂತಿತ್ತು! "ಬಲವಂತವಾಗಿ ತಾಳಿ ಕಟ್ಟಿದ, ಇನ್ನು ಅವನೇ ಗಂಡ" ಅಂತ. ನನ್ನ ತಂಗಿ ನಕ್ಕು ನಕ್ಕು ಸಾಕಾದಳು. ಬಲವಂತದ ಮದುವೆ ಮಾಡಬೇಕಾದರೆ ವಿಲನ್ ಮೊದಲು ಅತ್ತೆಯನ್ನು ಕಿಡ್ನಾಪ್ ಮಾಡಬೇಕು.


ಮೂರ್ನಾಡಿನ ಮಳೆ
ಶನಿವಾರ, ರಾತ್ರಿ 10:38

ಅಣ್ಣಾ, ಅತ್ತೆ ಕಿಡ್ನಾಪ್ ವಿಷಯ ಅವ್ವಂಗೆ ಓದಿ ಹೇಳಿದೆ. "ಅದು ಒಳ್ಳೆ ಕಥೆ, ಅವರಿಗೆ ಕಳಿಸು" ಅಂದಳು.


ಕರಿಮೆಣಸು
ಶನಿವಾರ, ರಾತ್ರಿ 11:20

ಇಲ್ಲಿ ನಾನು ಬಾಯಿ ಬಿಡಲೇಬೇಕು. ಈಗ ಸೋಮವಾರಪೇಟೆ ಕಡೆ ಅಪ್ಪನ ತೋಟ ನೋಡಿಕೊಂಡಿದ್ದೇನೆ. ಅದಕ್ಕೂ ಮೊದಲು ಐದು ವರ್ಷ ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಅಸಿಸ್ಟೆಂಟ್ ಡೈರೆಕ್ಟರ್ ಆಗಿದ್ದೆ. ಮೂರು ಧಾರಾವಾಹಿ. ಹೆಸರು ಕೇಳಬೇಡಿ.

ಮೂರ್ನಾಡಿನ ತಮ್ಮ ಎರಡು ದಾರಿ ಕೊಟ್ಟಿದ್ದಾರೆ, ಬೇಕಂತಲೇ ಬಿಟ್ಟದ್ದಾ, ಮರೆತದ್ದಾ ಅಂತ. ನಾನು ನೋಡಿದ್ದರಲ್ಲಿ ಮುಕ್ಕಾಲು ಪಾಲು ಎರಡೂ ಅಲ್ಲ. ತೂತು ಇದೆ ಅಂತ ಸೆಟ್‌ನಲ್ಲಿ ಎಲ್ಲರಿಗೂ ಗೊತ್ತಿರುತ್ತೆ. ಗೊತ್ತಿದ್ದೇ ಮುಂದೆ ಹೋಗ್ತೀವಿ.

ಕೆಲಸ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ. ಅರ್ಧ ಗಂಟೆಯ ಸ್ಲಾಟ್. ಜಾಹೀರಾತು ತೆಗೆದರೆ ಸುಮಾರು ಇಪ್ಪತ್ತೆರಡು ನಿಮಿಷದ ಕಥೆ ಬೇಕು. ವಾರಕ್ಕೆ ಐದು ಅಥವಾ ಆರು ದಿನ. ಸಿನಿಮಾದವರು ದಿನಕ್ಕೆ ಎರಡು ಮೂರು ನಿಮಿಷ ತೆಗೆದರೆ ಒಳ್ಳೆ ದಿನ ಅಂತಾರೆ. ನಾವು ದಿನಕ್ಕೊಂದು ಎಪಿಸೋಡ್ ಮುಗಿಸಲೇಬೇಕು. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮೂರನೆಯವರದು. ಮೂವರೂ ಒಂದೇ ಕೋಣೆಯಲ್ಲಿ ಕೂತಿದ್ದನ್ನು ನಾನು ನೋಡಿದ್ದು ಎರಡೇ ಸಲ, ಅದರಲ್ಲಿ ಒಂದು ಪೂಜೆಯ ದಿನ. ಬೆಳಿಗ್ಗೆ ಆರ್ಟಿಸ್ಟ್ ಮೇಕಪ್‌ಗೆ ಕೂತ ಮೇಲೆ ವಾಟ್ಸಾಪ್‌ನಲ್ಲಿ ಡೈಲಾಗ್ ಬರುತ್ತೆ.

ದೃಶ್ಯಗಳನ್ನು ಕಥೆಯ ಸಾಲಿನಲ್ಲಿ ತೆಗೆಯಲ್ಲ. ಯಾರ ಡೇಟ್ ಇದೆ, ಯಾವ ಮನೆ ಸಿಕ್ಕಿದೆ ಅದರ ಮೇಲೆ ತೆಗೆಯೋದು. ಅತ್ತೆ ಪಾತ್ರದವರು ತಿಂಗಳಿಗೆ ಹನ್ನೆರಡು ದಿನ ಮಾತ್ರ ಅಂದರೆ, ಆ ಹನ್ನೆರಡು ದಿನದಲ್ಲಿ ಅವರ ಒಂದು ತಿಂಗಳ ಅಳು, ನಗು, ಶಾಪ ಎಲ್ಲಾ ಮುಗಿಸಬೇಕು.

ಮೇಲೆ ಗುರುವಾರ. ಗುರುವಾರ ಟಿಆರ್‌ಪಿ ಬರುತ್ತೆ. ಅದು ಬಿದ್ದಿದ್ದರೆ ಚಾನೆಲ್‌ನಿಂದ ಫೋನ್. "ಈ ಟ್ರ್ಯಾಕ್ ಎಳೀಬೇಡಿ, ಮದುವೆ ಬೇಗ ತನ್ನಿ." ಅಷ್ಟರಲ್ಲಿ ಗೋದಾಮಿಗೆ ಹೋಗುವ ದೃಶ್ಯ ತೆಗೆದಾಗಿರುತ್ತೆ. ತಪ್ಪಿಸಿಕೊಳ್ಳುವ ದೃಶ್ಯ ಮುಂದಿನ ವಾರದ ಶೆಡ್ಯೂಲ್‌ನಲ್ಲಿ ಇರುತ್ತೆ. ಗೋದಾಮಿಗೆ ಇನ್ನೊಂದು ದಿನದ ಬಾಡಿಗೆ ಕೊಡೋರು ಯಾರು? ಪ್ರೋಮೋದಲ್ಲಿ ಮದುವೆ ತೋರಿಸಿಯಾಗಿದೆ. ಕೈಯಲ್ಲಿ ಎರಡು ಎಪಿಸೋಡ್ ಮಾತ್ರ ಬ್ಯಾಂಕಿಂಗ್, ಅಂದರೆ ಮೊದಲೇ ತೆಗೆದಿಟ್ಟದ್ದು, ಇದೆ. ಆಗ ಯಾರೋ ಒಬ್ಬರು ಹೇಳ್ತಾರೆ, "ನೇರ ಮಂಟಪಕ್ಕೆ ಹೋಗಿಬಿಡೋಣ, ಆಮೇಲೆ ಡೈಲಾಗ್‌ನಲ್ಲಿ ಕವರ್ ಮಾಡೋಣ." ಆ "ಆಮೇಲೆ" ಬರೋದೇ ಇಲ್ಲ. ನಿಮ್ಮ ಧಾರಾವಾಹಿಯಲ್ಲಿ ಇದೇ ಆಯ್ತು ಅಂತ ನಾನು ಹೇಳ್ತಿಲ್ಲ. ನಮ್ಮಲ್ಲಿ ಹೀಗೆ ಆಗುತ್ತಿತ್ತು.

ನನ್ನದೇ ಒಂದು ಪಾಪ ಒಪ್ಪಿಕೊಳ್ತೀನಿ. ನಾಯಕನ ಕೈಗೆ ಪೆಟ್ಟಾಗಿ ಬ್ಯಾಂಡೇಜ್ ಕಟ್ಟಿದ್ದೆವು. ಎಡಗೈ. ಹಿಂದೆ ತೆಗೆದಾಗ ಏನೇನು ಹೇಗಿತ್ತು ಅಂತ ನೋಡುವ ಕಂಟಿನ್ಯೂಯಿಟಿ ಫೋಟೋ ಇದ್ದ ಫೋನ್ ಅವತ್ತು ಮನೆಯಲ್ಲಿ ಮರೆತೆ. ನೆನಪಿನ ಮೇಲೆ ಬಲಗೈಗೆ ಕಟ್ಟಿಸಿದೆ. ಮೂರು ಶಾಟ್ ಆದ ಮೇಲೆ ಡೈರೆಕ್ಟರ್ ಮಾನಿಟರ್ ನೋಡಿ, ನನ್ನ ಮುಖ ನೋಡಿ, ಕ್ಯಾಮೆರಾದವರಿಗೆ ಮೆಲ್ಲಗೆ ಅಂದರು, "ಇನ್ನು ಮೇಲೆ ಕೈ ಫ್ರೇಮಿಗೆ ತರಬೇಡಿ." ಮೂರು ಎಪಿಸೋಡ್ ಆ ಹೀರೋ ಬಾಗಿಲ ಹಿಂದೆ, ಸೋಫಾ ಹಿಂದೆ, ಹೆಂಡತಿ ಹಿಂದೆ ನಿಂತೇ ಮಾತಾಡಿದ. ಒಬ್ಬ ಅಭಿಮಾನಿ ಕಾಮೆಂಟ್ ಹಾಕಿದ್ದ, "ಹೀರೋ ಮನಸ್ಸಿನ ಅಂತರವನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾರೆ" ಅಂತ.

ಶೈಲಿ ಹುಟ್ಟೋದು ಹೀಗೂ ಇರಬಹುದು. ನಾನಂತೂ ಅವತ್ತು ಊಟ ಮಾಡಲಿಲ್ಲ.


ಕುಶಾಲನಗರ ಪಿಜಿ
ಶನಿವಾರ, ರಾತ್ರಿ 11:26

ಅಣ್ಣಾ ನೀವು ದಿನಾ ಬರೆಯಿರಿ 🙏


ಏಳೂವರೆ ಅಕ್ಕ
ಭಾನುವಾರ, ಬೆಳಿಗ್ಗೆ 6:50

ಎಲ್ಲರ ಮಾತು ಓದಿದೆ. ನಗುವೂ ಬಂತು, ಸಿಟ್ಟೂ ಬಂತು.

ಗೋಣಿಕೊಪ್ಪದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಸಾಯಂಕಾಲ ಆರೂವರೆಯಿಂದ ಒಂಬತ್ತರ ತನಕ ಟಿವಿ ಓಡುತ್ತಲೇ ಇರುತ್ತೆ, ಮೆಷಿನ್ನೂ ಓಡುತ್ತಿರುತ್ತೆ. ನಾನು ಧಾರಾವಾಹಿ ನೋಡಲ್ಲ, ಕೇಳ್ತೀನಿ. ಕಣ್ಣು ಸೂಜಿ ಮೇಲೆ. ಅದಕ್ಕೇ ಒಂದೇ ಮಾತನ್ನು ಮೂರು ಸಲ ಹೇಳ್ತಾರೆ. ಅದಕ್ಕೇ ಢಣ್ ಢಣ್ ಢಣ್ ಅಂತ ಸದ್ದು ಹಾಕ್ತಾರೆ. ಆ ಸದ್ದು ಬಂದಾಗ ನಾನು ತಲೆ ಎತ್ತಬೇಕು ಅಂತ. ನೀವು ಅದನ್ನೆಲ್ಲ ತಮಾಷೆ ಮಾಡ್ತೀರಿ. ಅದು ನನ್ನಂಥವರಿಗಾಗಿ ಮಾಡಿದ್ದು. ಕೈ ಖಾಲಿ ಇಲ್ಲದವರಿಗಾಗಿ.

ಗೋದಾಮಿನ ಬಾಗಿಲು ಯಾರು ತೆಗೆದರು ಅಂತ ಅವತ್ತು ನನಗೆ ಪ್ರಶ್ನೆಯೇ ಬರಲಿಲ್ಲ. ಆ ಎಪಿಸೋಡ್ ನಾನೂ ಕೇಳಿದ್ದೆ. ಆ ಹೊತ್ತಿಗೆ ಒಬ್ಬರು ಫಾಲ್ ಹಾಕಿಸಲು ಬಂದಿದ್ದರು. ಅವರು ಹೋದ ಮೇಲೆ ನೋಡಿದರೆ ಮದುವೆ. ಹೇಗೋ ಬಂದಿರ್ತಾಳೆ ಅಂದುಕೊಂಡೆ. ನನ್ನ ದಿನವೂ ಹಾಗೇ ತಾನೇ, ಮಧ್ಯೆ ಮಧ್ಯೆ ತೂತು.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಸಿನಿಮಾದಲ್ಲಿ ಹೀರೋ ಒಂದು ಏಟು ಹೊಡೆದರೆ ಹತ್ತು ಜನ ಗಾಳಿಯಲ್ಲಿ ಹಾರ್ತಾರೆ, ಗಾಡಿ ತಿರುಗಿ ಬೀಳುತ್ತೆ, ಅವನ ಷರ್ಟಿನ ಇಸ್ತ್ರಿ ಮುರಿಯಲ್ಲ. ಅದಕ್ಕೆ "ಮಾಸ್" ಅಂತ ಶಿಳ್ಳೆ ಹೊಡೀತೀರಿ. ಹೆಂಗಸರು ನೋಡುವ ಧಾರಾವಾಹಿಯಲ್ಲಿ ಒಂದು ಬಾಗಿಲು ತೆಗೆದರೆ ಲಾಜಿಕ್ ಕೇಳ್ತೀರಿ. ಯಾಕೆ?

(ಬ್ಲೌಸ್ ವಿಷಯದಲ್ಲಿ ಮಾತ್ರ ನಾನು ಬಿಡಲ್ಲ. ಮೆಟ್ಟಿಲ ಮೇಲೆ ಮೊಣಕೈ ತನಕದ ತೋಳು, ಮೆಟ್ಟಿಲ ಕೆಳಗೆ ಬಂದಾಗ ಗಿಡ್ಡ ತೋಳು. ಇಳಿಯುವಾಗ ಹೊಲಿದರಾ?)


ಮೂರ್ನಾಡಿನ ಮಳೆ
ಭಾನುವಾರ, ಬೆಳಿಗ್ಗೆ 8:15

ಅಕ್ಕಾ, ಸರಿಯಾಗಿ ಹೇಳಿದ್ರಿ. ಮಾಸ್ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನೂ ಶಿಳ್ಳೆ ಹೊಡೆದವನೇ.


ವಿರಾಜಪೇಟೆ ಟೀಚರ್
ಭಾನುವಾರ, ಬೆಳಿಗ್ಗೆ 10:02

ಮಕ್ಕಳೇ, ನಾನು ನಿವೃತ್ತಿಯಾದ ಕನ್ನಡ ಟೀಚರ್. ಸ್ವಲ್ಪ ಉದ್ದ ಬರೀತೀನಿ, ಪಾಠ ಅಂದ್ಕೋಬೇಡಿ. ಮಳೆಗೆ ಹೊರಗೆ ಹೋಗುವ ಹಾಗಿಲ್ಲ.

ಈ ಜಗಳ ಹಳೇದು. ಗ್ರೀಸ್‌ನ ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆ ನಾಟಕದ ಬಗ್ಗೆ ಬರೆಯುತ್ತಾ ಒಂದು ಮಾತು ಹೇಳಿದ. ನಂಬುವಂತಿರುವ ಅಸಾಧ್ಯ, ನಂಬಲಾಗದ ಸಾಧ್ಯಕ್ಕಿಂತ ಮೇಲು ಅಂತ. ಅಂದರೆ ದೇವರು ಬಂದು ಬಾಗಿಲು ತೆಗೆದರೂ ಪರವಾಗಿಲ್ಲ, ಕಥೆಯಲ್ಲಿ ದೇವರು ಬರುವ ಹಾಗೆ ಮೊದಲೇ ಹದ ಮಾಡಿರಬೇಕು. ಕಾಶ್ಮೀರದ ಕ್ಷೇಮೇಂದ್ರ ಹನ್ನೊಂದನೇ ಶತಮಾನದಲ್ಲಿ ಇದನ್ನೇ ಔಚಿತ್ಯ ಅಂದ. ಅವನ ಉದಾಹರಣೆ ಏಳೂವರೆ ಅಕ್ಕನಿಗೆ ಇಷ್ಟವಾಗುತ್ತೆ. ಡಾಬನ್ನು ಕೊರಳಿಗೆ ಹಾಕಿಕೊಂಡು ಹಾರವನ್ನು ಸೊಂಟಕ್ಕೆ ಕಟ್ಟಿಕೊಂಡರೆ ಯಾರು ನಗಲ್ಲ? ಒಡವೆ ಚಿನ್ನದ್ದೇ. ಜಾಗ ತಪ್ಪು.

ಬೇಕಂತಲೇ ಬಿಟ್ಟ ತೂತು ಅಂದರೆ ಏನು ಅಂತ ಒಂದು ಉದಾಹರಣೆ ಕೊಡ್ತೀನಿ. ನನ್ನ ಮಗ ಅಮೆರಿಕದ ಸೊಪ್ರಾನೋಸ್ ಧಾರಾವಾಹಿ ತೋರಿಸಿದ. 2001ರಲ್ಲಿ ಬಂದ ಒಂದು ಸಂಚಿಕೆ. ಇಬ್ಬರು ರೌಡಿಗಳು ಒಬ್ಬ ರಷ್ಯನ್‌ನನ್ನು ಹಿಮ ಬಿದ್ದ ಕಾಡಿಗೆ ಕರೆದುಕೊಂಡು ಹೋಗ್ತಾರೆ ಕೊಲ್ಲಲು. ಅವನು ತಪ್ಪಿಸಿಕೊಳ್ತಾನೆ. ಗುಂಡು ತಗುಲುತ್ತೆ, ರಕ್ತದ ಗುರುತು ಇದೆ, ಆದರೆ ಮನುಷ್ಯ ಇಲ್ಲ. ಎಲ್ಲಿ ಹೋದ? ಧಾರಾವಾಹಿ ಮುಗಿದರೂ ಹೇಳಲಿಲ್ಲ. ಬರೆದವರು ಬೇಕಂತಲೇ ಹೇಳಲಿಲ್ಲ. ಜನ ವರ್ಷಗಟ್ಟಲೆ ಕೇಳಿದರು.

ಅದು ಯಾಕೆ ಗೋದಾಮಿನ ಬಾಗಿಲಿನ ಹಾಗಲ್ಲ? ಅಲ್ಲಿ "ಅವನೆಲ್ಲಿ ಹೋದ" ಅನ್ನೋ ಪ್ರಶ್ನೆ ನಮಗೆ ಮೊದಲು ಬಂದದ್ದಲ್ಲ, ಆ ರೌಡಿಗಳಿಗೆ ಬಂದದ್ದು. ಚಳಿಯಲ್ಲಿ, ದಾರಿ ತಪ್ಪಿ, ಹಸಿದು, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ರಾತ್ರಿ ಕಳೀತಾರೆ. ತೂತು ಅವರ ಮೈಗೇ ತಟ್ಟಿದೆ. ನಮ್ಮ ನಾಯಕಿಗೆ ಗೋದಾಮಿನಲ್ಲಿ ಇದ್ದದ್ದೇ ನೆನಪಿಲ್ಲ. ಮಂಟಪದಲ್ಲಿ ಅವಳು ಒಂದು ಸಲವಾದರೂ ಕೈ ನೋಡಿಕೊಂಡಳಾ? ಬಾಗಿಲು ಬಡಿದು ಬಡಿದು ಕೆಂಪಾದ ಕೈ? ಕೂಡಿ ಹಾಕಿದ ಅತ್ತಿಗೆ ಅವಳನ್ನು ನೋಡಿ ಬೆಚ್ಚಿದಳಾ? ನಾನು ಹುಡುಕೋದು ಇದನ್ನೇ. ಬಿಟ್ಟ ಜಾಗವನ್ನು ಕಥೆಯ ಒಳಗೆ ಯಾರಾದರೂ ನೆನಪಿಟ್ಟುಕೊಂಡಿದ್ದರೆ ಅದು ಬರವಣಿಗೆ. ಯಾರೂ ಇಲ್ಲ ಅಂದರೆ ಕರಿಮೆಣಸು ಹೇಳಿದ ಗೋದಾಮಿನ ಬಾಡಿಗೆ.

ಗೊತ್ತಿಲ್ಲದೆ ಬಿಟ್ಟು ಆಮೇಲೆ ಗೆದ್ದವರೂ ಇದ್ದಾರೆ. ಅಮೆರಿಕದ್ದೇ ಇನ್ನೊಂದು ಧಾರಾವಾಹಿ ಬ್ರೇಕಿಂಗ್ ಬ್ಯಾಡ್‌ನವರು 2012ರಲ್ಲಿ ಐದನೇ ಸೀಸನ್ನಿನ ಮೊದಲ ದೃಶ್ಯದಲ್ಲೇ ಕಾರಿನ ಡಿಕ್ಕಿಯಲ್ಲಿ ದೊಡ್ಡ ಮೆಷಿನ್‌ಗನ್ ತೋರಿಸಿದರು. ಅದು ಯಾಕೆ ಅಂತ ಬರೆದವರಿಗೇ ಆಗ ಗೊತ್ತಿರಲಿಲ್ಲ, ಅವರೇ ಒಪ್ಪಿಕೊಂಡಿದ್ದಾರೆ. ಮರುವರ್ಷ ಕೊನೇ ಸಂಚಿಕೆಯಲ್ಲಿ ಆ ಗನ್ನಿಗೆ ಕೆಲಸ ಹುಡುಕಿ ಕೊಟ್ಟರು. ಗುಂಡಿ ತೋಡಿ ತಾವೇ ಅದಕ್ಕೆ ಇಳಿದು ಹತ್ತಿದರು. ನನಗೆ ಇದು ಸೊಪ್ರಾನೋಸ್‌ಗಿಂತ ದೊಡ್ಡ ಧೈರ್ಯ ಅನ್ನಿಸುತ್ತೆ.


ಕಪ್ಪುಕೋಟು
ಭಾನುವಾರ, ಬೆಳಿಗ್ಗೆ 10:40

ಮೇಡಂ, ನಿಮ್ಮ ವಾದ ಒಪ್ಪಿದೆ, ಒಂದು ಆಕ್ಷೇಪಣೆಯೊಂದಿಗೆ. ಅವರದ್ದು ವರ್ಷಕ್ಕೆ ಹತ್ತೋ ಹದಿಮೂರೋ ಸಂಚಿಕೆ. ನಮ್ಮದು ವರ್ಷಕ್ಕೆ ಇನ್ನೂರೈವತ್ತರ ಮೇಲೆ. ಒಂದೇ ತಕ್ಕಡಿಯಲ್ಲಿ ತೂಗಬಹುದೇ?


ವಿರಾಜಪೇಟೆ ಟೀಚರ್
ಭಾನುವಾರ, ಬೆಳಿಗ್ಗೆ 11:15

ಒಳ್ಳೆ ಪ್ರಶ್ನೆ. ತೂಗಬಾರದು. ಆದರೆ ವರ್ಷಕ್ಕೆ ಮೂವತ್ತರಷ್ಟು ಮಾಡಿದವರೂ ದೊಡ್ಡ ಹಳ್ಳಕ್ಕೆ ಬಿದ್ದಿದ್ದಾರೆ. ಡಲ್ಲಾಸ್ ಅಂತ ಅಮೆರಿಕದ ಧಾರಾವಾಹಿ. 1985ರಲ್ಲಿ ಬಾಬಿ ಅನ್ನುವ ಪಾತ್ರ ಸತ್ತಿತು, ನಟ ಬಿಟ್ಟು ಹೋದರು ಅಂತ. ಒಂದು ವರ್ಷಕ್ಕೆ ನಟ ವಾಪಸ್ ಬಂದರು. ಸತ್ತವನನ್ನು ತರೋದು ಹೇಗೆ? ಅವನು ಸ್ನಾನದ ಮನೆಯಲ್ಲಿ ಕಾಣಿಸಿಕೊಂಡ. ಹಿಂದಿನ ಇಡೀ ವರ್ಷದ ಕಥೆ ಅವನ ಮಾಜಿ ಹೆಂಡತಿ ಕಂಡ ಕನಸು ಅಂದುಬಿಟ್ಟರು! ಒಂದು ತೂತು ಮುಚ್ಚಲು ಇಡೀ ಸೀರೆಯನ್ನೇ ಎಸೆದರು.

ನಮ್ಮ ದೇಶದಲ್ಲೂ 2001ರಲ್ಲಿ ಹಿಂದಿ ಧಾರಾವಾಹಿ ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿಯಲ್ಲಿ ನಾಯಕ ಮಿಹಿರ್ ಸತ್ತಾಗ ಜನ ಗಲಾಟೆ ಮಾಡಿದರು, ಅವನು ಬದುಕಿ ಬಂದ. ಅಲ್ಲಿ ತೂತು ಕೊರೆದದ್ದು ಬರೆದವರಲ್ಲ, ನೋಡಿದವರು.


ಮಂಟಪದ ಹುಡುಗ
ಭಾನುವಾರ, ಮಧ್ಯಾಹ್ನ 12:30

ಟೀಚರ್ ಮೇಡಂ ನಮಸ್ಕಾರ, ನಾನು ನಿಮ್ಮ ಹಳೇ ಸ್ಟೂಡೆಂಟ್ ಇರಬಹುದು 😅

ನಾನು ಮಡಿಕೇರಿ ದಸರಾದ ದಶಮಂಟಪದಲ್ಲಿ, ಅಂದರೆ ಹತ್ತು ಮಂಟಪಗಳ ಮೆರವಣಿಗೆಯಲ್ಲಿ, ಒಂದು ಸಮಿತಿಗೆ ಕೆಲಸ ಮಾಡ್ತೀನಿ. ವಿಜಯದಶಮಿ ರಾತ್ರಿ ಟ್ರ್ಯಾಕ್ಟರ್ ಮೇಲೆ ಆಡುವ ಬೊಂಬೆಗಳಿಂದ ಕಥೆ ಹೇಳ್ತೀವಿ. ಕೆಲವೇ ನಿಮಿಷದಲ್ಲಿ ಅಸುರ ಹುಟ್ಟಬೇಕು, ವರ ಪಡೀಬೇಕು, ಲೋಕ ಪೀಡಿಸಬೇಕು, ಸಾಯಬೇಕು. ಹೊಗೆ, ಬೆಂಕಿ, ಲೈಟು, ಸೌಂಡು. ಮಧ್ಯದ್ದೆಲ್ಲ ಬಿಟ್ಟಿರ್ತೀವಿ. ಯಾರೂ ಕೇಳಲ್ಲ. ಯಾಕಂದ್ರೆ ಕಥೆ ಎಲ್ಲರಿಗೂ ಮೊದಲೇ ಗೊತ್ತು.

ನನ್ನ ಪ್ರಕಾರ ಧಾರಾವಾಹಿಯೂ ಹಾಗೇ ಆಗಿದೆ. ಅತ್ತೆ, ಸೊಸೆ, ಮನೆ ಮುರಿಯುವ ಅತ್ತಿಗೆ, ದೇವರಂಥ ಮಾವ. ಎಲ್ಲಾ ಗೊತ್ತಿರೋ ಪುರಾಣ. ನಾಯಕಿ ಮಂಟಪಕ್ಕೆ ಬಂದೇ ಬರ್ತಾಳೆ ಅಂತ ಎಲ್ಲರಿಗೂ ಗೊತ್ತು. ಹೇಗೆ ಬಂದಳು ಅಂತ ಯಾಕೆ ತೋರಿಸಬೇಕು?


ಸಿದ್ದಾಪುರ ರೊಬಸ್ಟಾ
ಭಾನುವಾರ, ಮಧ್ಯಾಹ್ನ 12:48

ಮಂಟಪದ ತಮ್ಮಾ, ನಿಮ್ಮ ಅಸುರನ ಕೈ ಮಧ್ಯ ದಾರಿಯಲ್ಲಿ ಕೆಟ್ಟು ನಿಂತರೆ ಬಹುಮಾನ ಹೋಗುತ್ತೆ. ಬೆಳಗಿನ ಜಾವ ಎಂಥಾ ಜಗಳ ಆಗುತ್ತೆ ಅಂತ ಗೊತ್ತಲ್ಲ. ನಿಮಗೆ ತೀರ್ಪುಗಾರರಿದ್ದಾರೆ. ಧಾರಾವಾಹಿಗೆ ಟಿಆರ್‌ಪಿ ಬಿಟ್ಟರೆ ಯಾರಿದ್ದಾರೆ?


ಮಾದಾಪುರ ಹೊಳೆ
ಭಾನುವಾರ, ಮಧ್ಯಾಹ್ನ 2:10

ನಾನು ಜಾಸ್ತಿ ಬರೆಯೋನಲ್ಲ. ಒಂದೇ ವಿಷಯ.

ಕಥೆಯಲ್ಲಿ ಯಾವುದಾದರೂ ಪಾತ್ರ ಬೇಡವಾದರೆ ಗುಡ್ಡ ಕುಸಿತ ತರ್ತಾರೆ. ಒಂದು ಧಾರಾವಾಹಿಯಲ್ಲಿ ತಮ್ಮನ ಪಾತ್ರವನ್ನು ಹಾಗೆ ತೆಗೆದರು. ಮರುದಿನದ ಸಂಚಿಕೆಯಲ್ಲಿ ಮನೆಯವರು ಹಬ್ಬದ ಊಟ ಮಾಡ್ತಿದ್ದರು. ಎರಡು ತಿಂಗಳಿಗೆ ಆ ತಮ್ಮ ಬೇರೆ ನಟನಾಗಿ ವಾಪಸ್ ಬಂದ. ಮಣ್ಣಿನಡಿಯಿಂದ ಹೇಗೆ ಬಂದ ಅಂತ ಒಂದು ಮಾತಿಲ್ಲ.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡ ಕುಸಿತ ಕಂಡ ನಮಗೆ ಅದು ತಮಾಷೆಯ ತೂತಲ್ಲ. ನಾವು ಆಗ ಪರಿಹಾರ ಕೇಂದ್ರದಲ್ಲಿ ಇದ್ದೆವು. ಮಣ್ಣು ಬಿದ್ದ ಮೇಲೆ ಮನೆಯವರು ಎಷ್ಟು ದಿನ ಏನು ಮಾಡ್ತಾರೆ, ಹೇಗೆ ಕಾಯ್ತಾರೆ ಅಂತ ನೋಡಿದ್ದೇನೆ. ಟೀಚರ್ ಹೇಳಿದ್ದು ಸರಿ. ಮಣ್ಣು ಬಿದ್ದದ್ದು ಆ ಮನೆಯವರಿಗೇ ನೆನಪಿರಲಿಲ್ಲ.


ಏಳೂವರೆ ಅಕ್ಕ
ಭಾನುವಾರ, ಮಧ್ಯಾಹ್ನ 2:30

ಹೊಳೆ ಅಣ್ಣಾ, ಇದಕ್ಕೆ ನಾನೂ ಅವರ ಪರ ಮಾತಾಡಲ್ಲ. ಬಾಗಿಲು ಬಿಡಬಹುದು. ಸಾವು ಹಾಗೆ ಬಿಡಬಾರದು.


ಕುಶಾಲನಗರ ಪಿಜಿ
ಭಾನುವಾರ, ಸಾಯಂಕಾಲ 5:05

ನಿನ್ನೆ ಚರ್ಚೆ ಮುಗಿಯಿತು ಅಂದಿದ್ದೆ. ವಾಪಸ್ ತಗೊಂಡೆ.

ಒಂದು ಡೌಟು ಕರಿಮೆಣಸು ಅಣ್ಣಂಗೆ. ನೋಡೋರು ಗಮನಿಸಲ್ಲ ಅಂತ ನಂಬಿಕೊಂಡೇ ಬಿಡ್ತೀರಾ?


ಕರಿಮೆಣಸು
ಭಾನುವಾರ, ರಾತ್ರಿ 8:20

ಸಸ್ಪೆನ್ಸ್ ಸಿನಿಮಾಗಳ ಡೈರೆಕ್ಟರ್ ಹಿಚ್‌ಕಾಕ್ ಒಂದು ಮಾತು ಹೇಳುತ್ತಿದ್ದರಂತೆ ಅಂತ ನಮ್ಮ ಡೈರೆಕ್ಟರ್ ಪದೇ ಪದೇ ಹೇಳೋರು. ಸಿನಿಮಾ ನೋಡಿ ಮನೆಗೆ ಹೋಗಿ, ತಿನ್ನಲು ಏನಾದರೂ ಇದೆಯಾ ಅಂತ ಫ್ರಿಜ್ ಬಾಗಿಲು ತೆಗೆದಾಗ ಹೊಳೆಯುವ ತೂತಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಅಂತ. ಅಲ್ಲಿಯ ತನಕ ಹಿಡಿದು ಕೂರಿಸಿದೆವಲ್ಲ, ಸಾಕು. ನಮ್ಮ ಡೈರೆಕ್ಟರ್ ಇದನ್ನು ಎಲ್ಲಾ ತಪ್ಪಿಗೂ ಹೇಳೋರು, ಬ್ಯಾಂಡೇಜ್‌ಗೂ ಹೇಳಿದರು.

ಆದರೆ ಫ್ರಿಜ್ ಬಾಗಿಲು ತೆಗೆಯುವಷ್ಟು ಹೊತ್ತಾದರೂ ಕಥೆ ಹಿಡಿಯಬೇಕಲ್ಲ. ನಮ್ಮದು ಕೆಲವು ಸಲ ಜಾಹೀರಾತು ಮುಗಿಯುವ ತನಕವೂ ಹಿಡೀತಿರಲಿಲ್ಲ. ಮತ್ತೆ ಗಮನಿಸಲ್ಲ ಅಂತ ನಾವು ಯಾವತ್ತೂ ನಂಬಿರಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಸೆಟ್‌ನ ಅಡುಗೆಯವರೇ ಕೇಳೋರು, "ಅವಳು ಹೇಗೆ ಬಂದ್ಲು ಸಾರ್?" ನಾವು ಚಟ್ನಿ ಹಾಕಿಸಿಕೊಂಡು ಆಚೆ ಹೋಗ್ತಿದ್ದೆವು.


ಮೂರ್ನಾಡಿನ ಮಳೆ
ಮೂರು ವಾರದ ನಂತರ, ಮಂಗಳವಾರ, ರಾತ್ರಿ 8:45

ಎಲ್ಲರೂ ಇದ್ದೀರಾ? ಗೋದಾಮಿನ ಬಾಗಿಲಿಗೆ ಇವತ್ತು ಉತ್ತರ ಬಂತು!

ಫ್ಲ್ಯಾಶ್‌ಬ್ಯಾಕ್. ಬಾಗಿಲು ತೆಗೆದದ್ದು ಅತ್ತಿಗೆಯ ತಮ್ಮ. ಇಷ್ಟು ದಿನ ಅಕ್ಕನ ಜೊತೆ ಸೇರಿ ನಾಯಕಿಗೆ ವಿಷ ಹಾಕಲು ಹೊರಟವನು, ಅವತ್ತು ಒಬ್ಬನೇ ಬಂದು ಬೀಗ ತೆಗೆದು "ಓಡು ತಾಯಿ" ಅಂದನಂತೆ.

ಸಿಗ್ನಲ್ ಸರಿ ಇತ್ತು, ಕರೆಂಟೂ ಇತ್ತು, ಪೂರ್ತಿ ನೋಡಿದೆವು. ಅವ್ವ ಒಪ್ಪಲೇ ಇಲ್ಲ. "ಸುಳ್ಳು. ಅವನು ಅಂಥಾ ಕೆಲಸ ಮಾಡೋನಲ್ಲ. ಇವರಿಗೆ ಗೊತ್ತಿಲ್ಲ" ಅಂದಳು. ಬರೆದವರಿಗೇ ಗೊತ್ತಿಲ್ಲವಂತೆ!


ಕರಿಮೆಣಸು
ಮಂಗಳವಾರ, ರಾತ್ರಿ 9:02

ಫ್ಲ್ಯಾಶ್‌ಬ್ಯಾಕ್‌ನಲ್ಲಿ ನಾಯಕಿ ಯಾವ ಸೀರೆ ಉಟ್ಟಿದ್ದಳು?


ಮೂರ್ನಾಡಿನ ಮಳೆ
ಮಂಗಳವಾರ, ರಾತ್ರಿ 9:04

ಹಸಿರು. ಅವತ್ತು ಗೋದಾಮಿಗೆ ಹೋದಾಗ ಹಳದಿ ಅಂತ ಅವ್ವ ಹೇಳ್ತಿದ್ದಾಳೆ.


ಕರಿಮೆಣಸು
ಮಂಗಳವಾರ, ರಾತ್ರಿ 9:07

ಹಾಗಾದ್ರೆ ಇದು ಈ ವಾರ ತೆಗೆದದ್ದು. ಹಳದಿ ಸೀರೆ ಅಂಗಡಿಗೆ ವಾಪಸ್ ಹೋಗಿರುತ್ತೆ. ತಮ್ಮನ ಪಾತ್ರದವರಿಗೆ ಇನ್ನು ಮುಂದೆ ಒಳ್ಳೆಯವನ ಟ್ರ್ಯಾಕ್ ಶುರುವಾಗುತ್ತೆ ನೋಡ್ತಿರಿ. ಅದಕ್ಕೆ ಒಂದು ಒಳ್ಳೆ ಕೆಲಸ ಬೇಕಿತ್ತು, ನಿಮ್ಮ ಬಾಗಿಲು ಸುಮ್ನೆ ಬಿದ್ದಿತ್ತು.


ಏಳೂವರೆ ಅಕ್ಕ
ಮಂಗಳವಾರ, ರಾತ್ರಿ 9:15

ಬ್ಲೌಸ್ ಮಾತ್ರ ಹಳದಿ ಸೀರೆಯದ್ದೇ ಇತ್ತು. ಇವತ್ತು ನಾನು ಮೆಷಿನ್ ನಿಲ್ಲಿಸಿ ನೋಡಿದೆ.


ಮೂರ್ನಾಡಿನ ಮಳೆ
ಮಂಗಳವಾರ, ರಾತ್ರಿ 9:21

ಅಣ್ಣಾ, ಅವ್ವ ಪಕ್ಕದಲ್ಲೇ ಕೂತಿದ್ದಾಳೆ. ಒಂದೇ ಪ್ರಶ್ನೆ ಅಂತೆ. ಆ ವಾಚ್‌ಮನ್ ಹೆಂಡತಿ ಮತ್ತೆ ಬರಲೇ ಇಲ್ಲವಲ್ಲ, ಅವಳ ಜ್ವರ ವಾಸಿ ಆಯ್ತಾ ಅಂತ ಕೇಳ್ತಿದ್ದಾಳೆ.


ಕರಿಮೆಣಸು
ಮಂಗಳವಾರ, ರಾತ್ರಿ 9:30

ಅವರಿಗೆ ಒಂದೇ ದಿನದ ಡೇಟ್ ಇದ್ದಿರಬೇಕು. ಆದರೂ ವಾಸಿ ಆಯ್ತು ಅಂತ ಹೇಳಿ.